ಮಕ್ಕಳ ಕೈಗೆ ಕಡುಬಿನ ಹಿಟ್ಟು ಕೊಡಿ

"ಮುಟ್ಟಬೇಡ, ಸುಡುತ್ತೆ, ಆಚೆ ಹೋಗು." ಈಗಿನ ಅಡುಗೆಮನೆಗಳಲ್ಲಿ ಮಕ್ಕಳ ಕಿವಿಗೆ ಬೀಳುವುದು ಈ ಮೂರೇ ಮಾತು. ಆಮೇಲೆ ಮಗು ಮೊಬೈಲ್ ಹಿಡಿದು ಮೂಲೆ ಸೇರಿದರೆ ಅದಕ್ಕೂ ಬೈಗುಳ. ಹೋದ ಮಳೆಗಾಲದಲ್ಲಿ ಸಕಲೇಶಪುರದ ನಮ್ಮ ಮನೆಗೆ ಬೆಂಗಳೂರಿನಿಂದ ಎಲ್ಲರೂ ಬಂದಿದ್ದರು. ಆರು ವರ್ಷದ ಮೊಮ್ಮಗಳು ಕಷ್ಟಪಟ್ಟು ನಾಲ್ಕು ಕಡುಬು, ಅಂದರೆ ಹಬೆಯಲ್ಲಿ ಬೇಯಿಸುವ ಅಕ್ಕಿ ತರಿಯ ಉಂಡೆ, ಕಟ್ಟಿಟ್ಟಳು. ಅವಳು ಕೈ ತೊಳೆಯಲು ಎದ್ದದ್ದೇ ತಡ, ಅವಳಮ್ಮ ಆ ನಾಲ್ಕನ್ನೂ ಮುದುಡಿ ಮತ್ತೆ ದುಂಡಗೆ ಕಟ್ಟಿಬಿಟ್ಟಳು. ಮಗು ಬಂದು ತಟ್ಟೆ ನೋಡಿ, "ಅಜ್ಜಿ, ನನ್ನವು ಯಾವ್ದು?" ಅಂತ ಕೇಳಿತು. ನನ್ನ ಹೊಟ್ಟೆಯಲ್ಲಿ ಸಂಕಟವಾಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮಕ್ಕಳನ್ನು ಅಡುಗೆಗೆ ಕೂರಿಸಿಕೊಳ್ಳಬೇಕೆಂದರೆ ಮೊದಲು ಕಡುಬಿಗೆ ಕೂರಿಸಿ. ಚಾಕು ಬೇಕಿಲ್ಲ, ಎಣ್ಣೆ ಸಿಡಿಯುವುದಿಲ್ಲ, ಮಗು ಒಲೆ ಹತ್ತಿರ ನಿಲ್ಲಬೇಕಾಗಿಲ್ಲ. ನೆಲಕ್ಕೆ ಚಾಪೆ ಹಾಸಿ ಕೂರಿಸಿದರೆ ಬರೀ ಅಂಗೈ ಕೆಲಸ. ಬ್ರೆಡ್ಡಿಗೆ ಜಾಮ್ ಸವರಿಸಿ, ಫೋಟೋ ತೆಗೆದು, ಮಗು ಅಡುಗೆ ಮಾಡಿತು ಅಂತ ಹೇಳಬೇಡಿ. ಮಗು ಕಟ್ಟಿದ್ದನ್ನು ಮನೆಯವರೆಲ್ಲ ಊಟಕ್ಕೆ ತಿನ್ನಬೇಕು. ಆಗ ಅದು ಅಡುಗೆ.

ಅಕ್ಕಿ ತರಿ ಮಾಡುವುದು ನಿಮಗೆ ಗೊತ್ತೇ ಇರುತ್ತದೆ. ತೊಳೆದು, ನೆರಳಲ್ಲಿ ಆರಿಸಿ, ರವೆ ಹಾಗೆ ಒಡೆಸಿದರಾಯಿತು. ಹಳೇ ಅಕ್ಕಿ ಇರಲಿ, ಹೊಸದು ಅಂಟು ಜಾಸ್ತಿ. ನಮ್ಮ ಅವ್ವನ ತವರು ಅರಕಲಗೂಡು ಕಡೆ. ಅಲ್ಲಿಂದ ರಾಜಮುಡಿ ಅಕ್ಕಿ ಬರುತ್ತಿತ್ತು. ಆ ಕೆಂಪಕ್ಕಿಗೆ ನೀರು ಒಂದು ಕೈ ಜಾಸ್ತಿಯೇ ಬೇಕು. ಸುಮಾರಾಗಿ ತರಿಯ ಎರಡರಷ್ಟು ನೀರು ಇಡಿ, ಮಿಕ್ಕಿದ್ದನ್ನು ಅಕ್ಕಿಯೇ ಹೇಳುತ್ತದೆ. ಲೋಟ ಎಣಿಸಿ ನೀರು ಹಾಕುವುದು, ಉಪ್ಪು ಹಾಕುವುದು ಮಗುವೇ ಮಾಡಲಿ, ಒಲೆ ಹಚ್ಚುವ ಮೊದಲು. ನೀರು ಕೊತಕೊತ ಕುದಿಯುವಾಗ ಚೂರು ತುಪ್ಪ ಬಿಟ್ಟು, ತರಿ ಉದುರಿಸುತ್ತಾ ತಿರುವಿ, ಮುಚ್ಚಿ ಸಣ್ಣ ಉರಿಯಲ್ಲಿ ಬಿಡುವುದು ನಿಮ್ಮ ಕೆಲಸ. ಸೌಟಿನ ಜೊತೆಗೇ ಹಿಟ್ಟು ಒಂದೇ ಮುದ್ದೆಯಾಗಿ ಏಳಬೇಕು.

ಎಲ್ಲರೂ ಕೆಡಿಸುವುದು ಇಲ್ಲಿಂದ ಮುಂದೆ. ಮಗುವಿನ ಕೈ ಸುಡುತ್ತದೆ ಅಂತ ಹಿಟ್ಟನ್ನು ಪೂರ್ತಿ ಆರಲು ಬಿಡುತ್ತಾರೆ. ತಣ್ಣಗಾದ ಹಿಟ್ಟು ಬಿರುಕು ಬಿಡದೆ ಇನ್ನೇನು ಮಾಡೀತು? ಪರಾತಕ್ಕೆ ಸುರಿದು ನೀವೇ ಒಂದು ಸಲ ಚೆನ್ನಾಗಿ ನಾದಿ. ಆಮೇಲೆ ಗೋಲಿಯಷ್ಟು ಹಿಟ್ಟು ತೆಗೆದು ನಿಮ್ಮ ಮೊಣಕೈಗೆ ಒತ್ತಿ ನೋಡಿ. ಎಳೆಗೂಸಿಗೆ ನೀರು ಹಾಕುವ ಮೊದಲು ನೋಡುತ್ತೀವಲ್ಲ, ಹಾಗೆ. ಅಲ್ಲಿ ಹಿತವಾಗಿದ್ದರೆ ಮಗುವಿನ ಕೈಗೂ ಹಿತ. ಮಿಕ್ಕ ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಹಿಂಡಿ ಹೊದಿಸಿ, ಒಂದೊಂದೇ ಉಂಡೆಯಷ್ಟು ತೆಗೆದು ಕೊಡಿ. ಮಗುವಿನ ಉಗುರು ಕತ್ತರಿಸಿದ್ದೀರಾ? ಬಳೆ, ಉಂಗುರ ತೆಗೆಸಿದ್ದೀರಾ? ಸರಿ.

ಪಕ್ಕದಲ್ಲಿ ಒಂದು ಬಟ್ಟಲು ಉಗುರು ಬೆಚ್ಚಗಿನ ನೀರು, ಅದರಲ್ಲಿ ಎರಡು ಹನಿ ಎಣ್ಣೆ. ಅಂಗೈ ಅದ್ದಿ, ಎರಡೂ ಕೈ ತಿಕ್ಕಿ, ಬಟ್ಟಲಿಗೇ ಕೊಡವಬೇಕು. ಕೈಯಿಂದ ನೀರು ತೊಟ್ಟಿಕ್ಕಿದರೆ ಕಡುಬಿನ ಮೈ ಲೋಳೆಯಾಗುತ್ತದೆ. ಕೈ ಒಣಗಿದರೆ ಹಿಟ್ಟು ಕಿತ್ತು ಬರುತ್ತದೆ. ಪ್ರತಿ ಉಂಡೆಗೂ ಹೊಸದಾಗಿ ಅದ್ದಬೇಕು, ಸೋಮಾರಿತನ ಬೇಡ. ಹಿಟ್ಟನ್ನು ಮೊದಲು ಒಂದೇ ಸಲ ಗಟ್ಟಿಯಾಗಿ ಹಿಸುಕಬೇಕು, ಆಮೇಲೆ ಹಗುರವಾಗಿ ಉರುಳಿಸಬೇಕು. ನಮ್ಮ ಹುಡುಗಿಯರು ಉಲ್ಟಾ ಮಾಡುತ್ತಾರೆ, ಉರುಳಿಸಿ ಉರುಳಿಸಿ ಕೊನೆಗೆ ಅಮುಕುತ್ತಾರೆ. ಬಿರುಕು ಬರುವುದು ಅಲ್ಲೇ. ಮೈ ನುಣ್ಣಗಾದ ಮೇಲೆ ಹೆಬ್ಬೆರಳಿನಿಂದ ನಡುವೆ ಒಂದು ಗುಳಿ ಒತ್ತಬೇಕು, ಉಗುರು ಮುಳುಗುವಷ್ಟು ಆಳ. ದಪ್ಪ ಕಡುಬು ಹಸಿ ಉಳಿಯುವುದು ನಡುಮಧ್ಯದಲ್ಲಿ. ಗುಳಿ ಇದ್ದರೆ ಹಬೆ ಅಲ್ಲಿಗೂ ಹೋಗುತ್ತದೆ, ಊಟಕ್ಕೆ ಕೂತಾಗ ಸಾರು ಅಲ್ಲೇ ನಿಲ್ಲುತ್ತದೆ.

ಈ ಗುಳಿಗೆ ಇನ್ನೊಂದು ಉಪಯೋಗವಿದೆ. ನಾವು ಐದು ಜನ ಮಕ್ಕಳು. ಆಶ್ಲೇಷ ಮಳೆ ಹೊಡೆಯುವಾಗ ಕರೆಂಟು ಇರುತ್ತಿರಲಿಲ್ಲ, ಸೌದೆ ಒಲೆ ಬೆಳಕಲ್ಲೇ ಸುತ್ತ ಕೂತು ಕಟ್ಟುತ್ತಿದ್ದೆವು. ಬೆಂದ ಮೇಲೆ ಗುಳಿ ನೋಡಿ ಯಾರದ್ದು ಯಾವುದು ಅಂತ ಹುಡುಕುತ್ತಿದ್ದೆವು. ತಮ್ಮನ ಗುಳಿ ಕಡಲೆಕಾಳಿನಷ್ಟು. ಅಪ್ಪ ತಟ್ಟೆಗೆ ಐದು ಗುಳಿಯ ಐದು ಕಡುಬು ಹಾಕಿಸಿಕೊಂಡೇ ಊಟ ಶುರುಮಾಡುತ್ತಿದ್ದರು. ಅದಕ್ಕೇ ಹೇಳುವುದು, ಮಗು ಕಟ್ಟಿದ್ದು ಸೊಟ್ಟಗಿರಲಿ, ಮೊಟ್ಟೆ ಹಾಗಿರಲಿ, ಮುಟ್ಟಬೇಡಿ. ಚಿಕ್ಕವು ಬೇಗ ಬೇಯುತ್ತವೆ. ಅವನ್ನು ಮೇಲುಗಡೆ ಇಟ್ಟು ಮೊದಲು ತೆಗೆಯಿರಿ, ಅಷ್ಟೇ ತಾನೇ?

ಹಬೆ ಪಾತ್ರೆಯ ನೀರು ಕುದಿ ಬಂದ ಮೇಲೇ ಕಡುಬು ಇಡಿ. ಕೆಳಗೆ ಹಾಸುವ ಬಟ್ಟೆಯನ್ನು ದಯವಿಟ್ಟು ಸೋಪಿನ ಪುಡಿಯಲ್ಲಿ ಒಗೆಯಬೇಡಿ, ಹಬೆಗೆ ಆ ವಾಸನೆಯೆಲ್ಲ ಕಡುಬಿಗೆ ಏರುತ್ತದೆ. ಬಿಸಿನೀರಲ್ಲಿ ಕುದಿಸಿ ಬಿಸಿಲಿಗೆ ಹಾಕಿ. ಕಾಫಿ ಫಿಲ್ಟರಿಗೂ ಇದೇ ಮಾತು. ಸೋಪು ಹಚ್ಚಿ ಉಜ್ಜಿ ಡಿಕಾಕ್ಷನ್ ಕೆಡಿಸುವವರನ್ನು ಕಂಡರೆ ನನಗಾಗದು, ಅದೂ ಕಾಫಿ ಬೆಳೆಯುವ ಊರಲ್ಲಿ!

ಹದಿನೈದು ಇಪ್ಪತ್ತು ನಿಮಿಷ ಬೆಂದರೆ ಕಡುಬಿಗೆ ಹೊಳಪು ಬರುತ್ತದೆ, ಒದ್ದೆ ಬೆರಳಿಗೆ ಅಂಟುವುದಿಲ್ಲ. ಮುಚ್ಚಳ ಮಾತ್ರ ನೀವೇ ತೆಗೆಯಿರಿ. ನಿಮ್ಮಿಂದ ದೂರದ ಆಚೆ ಅಂಚನ್ನು ಮೊದಲು ಎತ್ತಿ, ಹಬೆ ಆಚೆ ಹೋಗಲಿ. ಹಬೆ ಸುಡುವುದು ಬಿಸಿನೀರಿಗಿಂತ ಕೆಟ್ಟದ್ದು. ಮಗು ಅಷ್ಟು ಹೊತ್ತು ತಟ್ಟೆ ಹಾಕುತ್ತಿರಲಿ.

ದೊಡ್ಡವರಿಗೆ ಕೋಳಿ ಸಾರೋ ಅಣಬೆ ಸಾರೋ ಇದ್ದೇ ಇರುತ್ತದೆ. ಮಗುವಿಗೆ ಗುಳಿಯೊಳಗೆ ತುಪ್ಪ ಬಿಟ್ಟು ಬೆಲ್ಲದ ಪುಡಿ ಉದುರಿಸಿ ಕೊಡಿ. ಮಿಕ್ಕ ಕಡುಬನ್ನು ಫ್ರಿಜ್ಜಿಗೆ ತುರುಕಿ ಮರೆಯಬೇಡಿ. ಬೆಳಿಗ್ಗೆ ಪುಡಿ ಮಾಡಿ ಸಾಸಿವೆ, ಕರಿಬೇವು, ಈರುಳ್ಳಿ ಒಗ್ಗರಣೆ ಹಾಕಿದರೆ ಒಳ್ಳೇ ಉಪ್ಪಿಟ್ಟು. ಪುಡಿ ಮಾಡಲು ಮತ್ತೆ ಮಗುವನ್ನೇ ಕರೆಯಿರಿ. ನಮ್ಮ ಪುಟ್ಟಿ ತನ್ನ ಗುಳಿಯ ಕಡುಬನ್ನು ಮಾತ್ರ ಪುಡಿ ಮಾಡಲು ಬಿಡುವುದಿಲ್ಲ. ಅದನ್ನು ಹಾಗೇ ಬಿಸಿ ಮಾಡಿ ಕೊಡುತ್ತೇನೆ.