ಹಳೇ ಪೇಪರಿನ ಪದಬಂಧ, ನನ್ನ ಝೆರಾಕ್ಸ್ ಅಂಗಡಿ, ಮತ್ತ ಒಂದಿಷ್ಟು ಅನುಭವ

ಕಲಬುರಗಿ ಕೋರ್ಟ್ ಕಡೆ ನಂದೊಂದು ಸಣ್ಣ ಝೆರಾಕ್ಸ್, ಡಿಟಿಪಿ ಅಂಗಡಿ ಅದ. ಮುಂಜಾನಿ ವಕೀಲರ ಗದ್ದಲ, ಮಧ್ಯಾಹ್ನ ಎರಡರ ಮ್ಯಾಲ ನೊಣ ಹೊಡಿಯೋದು, ಅದ್ರಾಗೂ ಏಪ್ರಿಲ್ ಮೇ ಬಿಸಲಿಗೆ ಯಾರೂ ಹೊರಗ ಕಾಲಿಡಂಗಿಲ್ಲ. ಆ ಖಾಲಿ ಟೈಮಿನಾಗ ಹಳೇ ಪದಬಂಧ ಬಿಡಿಸೋ ಚಟ ಹತ್ತಿದ್ದು. ಇವತ್ತಿನ ಪೇಪರಿಂದಲ್ಲ, ಮೂವತ್ತು ನಲವತ್ತು ವರ್ಷದ ಹಿಂದಿನವು. ಎಲ್ಲಿ ಸಿಗ್ತಾವ, ಹೆಂಗ ಬಿಡಸ್ತೀರಿ ಅಂತ ಕೇಳೋರು ಜಾಸ್ತಿ ಆಗ್ಯಾರ, ಅದಕ್ಕ ಒಂದ್ಸಲ ಕುಂತು ಬರದೇ ಬಿಡೋಣು ಅಂತ.

ಸಿಗೋದು ರದ್ದಿ ಅಂಗಡ್ಯಾಗ. ಲೈಬ್ರರಿಯೊಳಗ ಬೈಂಡ್ ಮಾಡಿಟ್ಟ ಪೇಪರ್ ಇರ್ತಾವ ಖರೆ, ಆದ್ರ ಅವು ಅಲ್ಲೇ ಕುಂತು ನೋಡಬೇಕು. ರದ್ದಿಯವಗ ಮೊದ್ಲೇ ಹೇಳಿಟ್ಟೀನಿ, ಯಾರರೆ ಹಳೇ ಮನಿ ಖಾಲಿ ಮಾಡಿದ್ರ ನಂಗ ಒಂದು ಫೋನ್ ಹಾಕಪಾ ಅಂತ. ಇನ್ನೊಂದು ಜಾಗ ಹಳೇ ಟ್ರಂಕು, ಅಲಮಾರಿ. ತಳದಾಗ ಹಾಸಿದ ಪೇಪರ್ ತಗದು ನೋಡ್ರಿ, ಬೆಳಕು ಗಾಳಿ ತಾಗದ ಅವು ಛಲೋ ಉಳದಿರ್ತಾವ, ಅಟ್ಟದ ಮ್ಯಾಲ ಕಟ್ಟಿಟ್ಟವು ಮಾತ್ರ ಕೈ ಹಚ್ಚಿದ್ರ ಪುಡಿ ಆಗ್ತಾವ. ಮಡಿಕಿ ಬಿಚ್ಚೋ ಮುಂದ ಒಂಚೂರೂ ಗಡಿಬಿಡಿ ಮಾಡಬ್ಯಾಡ್ರಿ, ಮಡಿಕಿ ಗೆರಿ ಮ್ಯಾಲೇ ಸುಳಿವಿನ ಸಾಲು ಇರ್ತದ, ಅದು ನನ್ನ ನಸೀಬು.

ಸ್ಕ್ಯಾನ್ ಮಾಡೋದು ನನ್ನ ಕಸುಬೇ ಆಗಿರೋದ್ರಿಂದ ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಮೂಲ ಕಾಗದದ ಮ್ಯಾಲ ನಾನು ಎಂದೂ ಪೆನ್ಸಿಲ್ ಆಡಸಂಗಿಲ್ಲ, ಪ್ರಿಂಟ್ ತಕ್ಕೊಂಡು ಅದರ ಮ್ಯಾಲ ಬರಿಯೋದು. ಕಾಗದ ತೆಳ್ಳಗ ಇರೋದ್ರಿಂದ ಹಿಂದಿನ ಬದಿ ಅಕ್ಷರ ಈ ಕಡೆ ಕಾಣ್ತಾವ, ಅದಕ್ಕ ಸ್ಕ್ಯಾನರ್ ಮುಚ್ಚಳದ ಕೆಳಗ, ಕಾಗದದ ಬೆನ್ನಿಗೆ ಒಂದು ಕರಿ ಶೀಟ್ ಇಡ್ರಿ, ಅರ್ಧಕ್ಕರ್ಧ ಹೋಗ್ತದ. ಸ್ಕ್ಯಾನ್ ಕಲರ್‌ನಾಗೇ ಮಾಡ್ರಿ, ಬ್ಲ್ಯಾಕ್ ಅಂಡ್ ವೈಟ್ ಬ್ಯಾಡ. ಯಾಕಂದ್ರ ಆಮ್ಯಾಲ ಸಾಫ್ಟ್‌ವೇರಿನಾಗ ಕೆಂಪು ಚಾನೆಲ್, ಅಂದ್ರ ಚಿತ್ರದಾಗಿನ ಕೆಂಪು ಬಣ್ಣದ ಪಾಲು ಒಂದೇ ಇಟ್ಕೊಂಡ್ರ ಹಳದಿ ಆದ ಕಾಗದ ಬೆಳ್ಳಗ ಆಗಿಬಿಡ್ತದ. ಆದ್ರ ಆ ಕಾಲದಾಗ ಯಾರೋ ನೀಲಿ ಪೆನ್ನಿಲೆ ಅರ್ಧ ಬಿಡಿಸಿರ್ತಾರಲ್ಲ, ಅವಾಗ ಕೆಂಪು ಚಾನೆಲ್‌ನಾಗ ಆ ನೀಲಿ ಇನ್ನಾ ಕರ್‍ರಗ ಎದ್ದು ಕಾಣ್ತದ. ಅಂಥವಕ್ಕ ನೀಲಿ ಚಾನೆಲ್ ತಗೋಬೇಕು, ಶಾಯಿ ಮಾಯ ಆಗ್ತದ, ಬದಲಿಗೆ ಕಾಗದ ಕಪ್ಪಾಗ್ತದ, ಆಮ್ಯಾಲ ಲೆವೆಲ್ಸ್ (ಕಪ್ಪು ಬಿಳುಪು ಹೆಚ್ಚು ಕಮ್ಮಿ ಮಾಡೋದು) ಎಳದು ಹಿನ್ನೆಲಿ ತಿಳಿ ಮಾಡ್ಕೋಬೇಕು. ಎರಡೂ ಒಮ್ಮೆಲೇ ಸಿಗಂಗಿಲ್ಲ.

ಇನ್ನ ಬಿಡಿಸೋ ಮಾತು. ಹಳೇ ಕಟಿಂಗಿನಾಗ ದೊಡ್ಡ ತೊಂದ್ರಿ ಏನಂದ್ರ ಉತ್ತರ ಮುಂದಿನ ಸಂಚಿಕೆದಾಗ ಬಂದಿರ್ತದ, ಆ ಸಂಚಿಕೆ ನಮ್ಮ ಕೈಯಾಗ ಇರಂಗಿಲ್ಲ. ಹಂಗಾಗಿ ಅದು ಯಾವ ಕಾಲದ್ದು, ಮಾಡಿದವ ಯಾವ ಕಡ್ಯಾವ ಅಂತ ಮೊದಲ ತಿಳಕೋಬೇಕು. ಇದನ್ನ ಬಿಟ್ಟು ನಿಘಂಟು ಹಿಡ್ಕೊಂಡು ಕುಂತ್ರ ದಿನಾ ಹೋಗ್ತದ.

ಒಂದು ಕಟಿಂಗಿನಾಗ ಸುಳಿವು ಹಿಂಗಿತ್ತು, 'ನಮ್ಮ ರಾಜ್ಯದ ಮುಖ್ಯಮಂತ್ರಿ (3)'. ತಾರೀಖು ಹರದು ಹೋಗಿತ್ತು. ಈಗ ನೋಡ್ರಿ ಮಜಾ, ಅರಸು ಮೂರಕ್ಷರ, ಪಾಟೀಲ ಮೂರಕ್ಷರ, ಹೆಗಡೆ, ಬೊಮ್ಮಾಯಿ, ಮೊಯಿಲಿ ಎಲ್ಲರೂ ಮೂರೇ. ಅಂದ್ರ 1968ರಿಂದ 1994ರ ನಡುವಿನ ಬಾಳಷ್ಟು ವರ್ಷದಾಗ ಯಾವುದರೆ ಆಗಬಹುದು! ನಮ್ಮ ವಕೀಲ್ ಸಾಹೇಬ್ರು ಒಬ್ಬರು ಅಫಿಡವಿಟ್ ಕಾಪಿಗೆ ಬಂದವರು ಹೆಗಲ ಮ್ಯಾಲಿಂದ ಇಣುಕಿ, 'ಪಾಟೀಲ್ರೇ ರೀ, ನಮ್ಮ ಚಿಂಚೋಳಿಯವ್ರು, ಬರದು ಬಿಡು' ಅಂದ್ರು. ನಮ್ಮ ಜಿಲ್ಲೆಯ ಅಭಿಮಾನ ಸರಿ ಸಾಹೇಬ್ರ, ಆದ್ರ ವೀರೇಂದ್ರ ಪಾಟೀಲ್ರು ಎರಡು ಸಲ ಆಗ್ಯಾರ, ಮೊದಲನೇದು 1968ರಿಂದ 71, ಆಗಿನ್ನೂ ಮೈಸೂರು ರಾಜ್ಯ, 1973ರ ನವೆಂಬರಿಗೆ ಕರ್ನಾಟಕ ಅಂತ ಆದದ್ದು. ಇದರಾಗ ಇನ್ನೊಂದು ಸುಳಿವಿನಾಗ 'ಕರ್ನಾಟಕ' ಅಂತ ಅದ, ಅಂದ್ರ ಮೊದಲನೇ ಸಲದ್ದು ಅಲ್ಲ. ನಡುವಿನ ಮನಿಯಿಂದ ಕೆಳಗ ಇಳಿಯೋ ಪದದ ಸುಳಿವು 'ತಿರುಗಿ ನಿಂತ ಲೋಕ (2)'. ಜಗ ತಿರುಗಿದ್ರ ಗಜ. ನಡುವ ಗ ಬಂತು, ಹೆಗಡೆ. 1983ರಿಂದ 88ರ ನಡುವ. ಕಟಿಂಗ್ ತಿರುಗಿಸಿ ನೋಡಿದ್ರ ಹಿಂದ ಗವಾಸ್ಕರ್ ಹತ್ತು ಸಾವಿರ ರನ್ ಮಾಡಿದ ಸುದ್ದಿ ಅರ್ಧ ಕತ್ತರಿಸಿ ಹೋಗ್ಯದ. ಅದು ಅಹಮದಾಬಾದ್‌ನಾಗ ಪಾಕಿಸ್ತಾನದ ಎದುರು, 1987ರ ಮಾರ್ಚ್. ತಾರೀಖು ಸಿಕ್ತು. ವಕೀಲ್ ಸಾಹೇಬ್ರು ಕಾಪಿ ರೊಕ್ಕ ಕೊಟ್ಟು ಸುಮ್ನ ಹೋದ್ರು.

ಅದಕ್ಕ ಹೇಳೋದು, ಕಟಿಂಗ್ ಸಿಕ್ಕಾಗ ಮೊದಲ ಬೆನ್ನು ನೋಡ್ರಿ. ಸಿನಿಮಾ ಜಾಹೀರಾತು, ಕ್ರಿಕೆಟ್, ಬಂಗಾರದ ರೇಟು, ಏನರೆ ಒಂದು ಇರ್ತದ. ಸುಳಿವಿನೊಳಗೂ ಕಾಲ ಕುಂತಿರ್ತದ. ಸಿಲೋನ್ ಅಂತ ಇದ್ರ 1972ರ ಹಿಂದಿನದು ಇರಬಹುದು, ಬರ್ಮಾ ಅಂದ್ರ 1989ರ ಹಿಂದಿನದು ಅನ್ನಬಹುದು, ಮದ್ರಾಸು ಅಂದ್ರ 1996. ಇದು ಪಕ್ಕಾ ಲೆಕ್ಕ ಅಲ್ಲ, ಮಂದಿ ಹಳೇ ಹೆಸರು ಲಗೂನ ಬಿಡಂಗಿಲ್ಲ. 'ರೂಪಾಯಿಯ ಹದಿನಾರನೇ ಪಾಲು (2)' ಅಂತ ಆಣೆ ಕೇಳೋದು, ನಯಾಪೈಸೆ ಬಂದಿದ್ದು 1957ರಾಗ ಆದ್ರೂ ಎಂಬತ್ತರ ದಶಕದ ಕಟಿಂಗಿನಾಗೂ ಅದ. ನಮ್ಮೂರ ಹೆಸರು ಬಂದ್ರಂತೂ ಹೇಳಬ್ಯಾಡ್ರಿ. 'ಬಹಮನಿ ಸುಲ್ತಾನರ ರಾಜಧಾನಿ' ಅಂದ್ರ ಗುಲ್ಬರ್ಗ ಬರದ್ರ ಮೂರು, ಗುಲಬರ್ಗಾ ಬರದ್ರ ನಾಕು, ಕಲಬುರ್ಗಿ ನಾಕು, ಕಲಬುರಗಿ ಐದು. ಮ್ಯಾಲ ಬೀದರನೂ ರಾಜಧಾನಿನೇ, ಅದೂ ಮೂರು. ಕಂಸದಾಗಿನ ಅಂಕಿ ನೋಡದ ಪೆನ್ಸಿಲ್ ಎತ್ತಬಾರದು.

ಹೊಸಬರಿಗೆ ಒಂದು ಮಾತು, ಕನ್ನಡದಾಗ ಒಂದು ಮನಿಗೆ ಇಡೀ ಅಕ್ಷರ, ಗುಣಿತ ಒತ್ತು ಸೊನ್ನಿ ಎಲ್ಲಾ ಸೇರಿ. 'ಸಂಗ್ರಾಮ' ಅಂದ್ರ ಸಂ, ಗ್ರಾ, ಮ, ಮೂರೇ ಮನಿ. ಇದ್ರಿಂದ ಏನಾಗ್ತದ ಅಂದ್ರ ಅಡ್ಡ ಉದ್ದ ಕೂಡೋ ಕಡೆ ಗ್ರಾ ಅಂದ್ರ ಗ್ರಾನೇ ಬರಬೇಕು, ಗ ನಡೆಯಂಗಿಲ್ಲ, ಗ್ರ ನಡೆಯಂಗಿಲ್ಲ. ಪದಬಂಧ ಮಾಡೋರಿಗೆ ಇದು ಕುತ್ತಿಗಿಗೆ ಬರ್ತದ. ಅದಕ್ಕ ಅವ್ರು ಒತ್ತು ದೀರ್ಘ ಇಲ್ಲದ ಸಪಾಟ ಪದ ಹುಡುಕ್ತಾರ. ಕನಕ, ಜನಕ, ಸದನ, ವದನ, ಮದನ, ಕದನ, ಸಮರ. ಹಳೇ ಕಟಿಂಗ್ ಒಂದಿಷ್ಟು ಬಿಡಿಸಿದ ಮ್ಯಾಲ ಇವ್ರೆಲ್ಲಾ ಖಾಯಂ ಗಿರಾಕಿ ಇದ್ದಂಗ, ದಿನಾ ಬಂದು ಅದೇ ಖುರ್ಚಿ ಮ್ಯಾಲ ಕೂಡ್ತಾರ.

ತಾವರಿ ಬಂದ್ರ ನಾನು ಮಾಡೋದು ಹಿಂಗ. 'ತಾವರೆ (3)' ಅಂತ ಇದ್ರ ಮೂರನೇ ಮನಿಯಾಗ ಹಗುರಕ ಜ ಬರದು ಮುಂದ ಹೋಗ್ತೀನಿ. ಜಲಜ, ವನಜ, ಪಂಕಜ, ಸರೋಜ, ನೀರಜ, ಅಂಬುಜ, ಎಲ್ಲಾ ನೀರಾಗ ಕೆಸರಾಗ ಹುಟ್ಟಿದವು, ಎಲ್ಲಾ ಜ ದಿಂದ ಮುಗಿತಾವ. ಕಮಲ, ನಳಿನದಂಥವು ಮಾತ್ರ ಕೈ ಕೊಡ್ತಾವ. ಅದೇ ಲೆಕ್ಕದಾಗ ಮೋಡಕ್ಕ ಕೊನಿಗೆ ದ, ಜಲದ, ನೀರದ. ಸಮುದ್ರಕ್ಕ ಧಿ, ಜಲಧಿ. ನಂದು ಸಾಲಿ ಸಂಸ್ಕೃತ ಏನೂ ಇಲ್ಲ ನೋಡ್ರಿ, ಇಷ್ಟು ಗೊತ್ತಾಗಿದ್ದೆಲ್ಲಾ ಚೌಕದ ಪುಣ್ಯ.

ಇನ್ನ ಮಾಡಿದವ ಯಾವ ಸೀಮಿಯಾವ ಅನ್ನೋದು. ಇದು ನಂಗ ಬಾಳ ಸೇರೋ ಭಾಗ. 'ಹಳ್ಳಿಯ ಲೆಕ್ಕಪತ್ರ ಬರೆಯುವವ (4)'. ಮೈಸೂರು ಕಡ್ಯಾವ ಆದ್ರ ಶಾನುಭೋಗ, ಧಾರವಾಡ ವಿಜಯಪುರ ಕಡೆ ಕುಲಕರ್ಣಿ, ನಿಜಾಮನ ಆಳ್ವಿಕಿಯಾಗ ಇದ್ದ ನಮ್ಮ ಮಂದಿ ಬಾಯಾಗ ಪಟವಾರಿ, ಇನ್ನ ಕರಣಿಕ ಅಂತನೂ ಅಂತಾರ. ನಾಕೂ ನಾಕಕ್ಷರ! ಎರಡನೇ ಅಕ್ಷರ ಸಿಗೋ ತನಕ ಕೈ ಕಟ್ಟಿ ಕೂಡಬೇಕು, ನು ಬಂದ್ರ ಶಾನುಭೋಗ, ಲ ಬಂದ್ರ ಕುಲಕರ್ಣಿ, ಟ ಬಂದ್ರ ಪಟವಾರಿ, ರ ಬಂದ್ರ ಕರಣಿಕ. ಒಮ್ಮೆ ಇದು ಗೊತ್ತಾತು ಅಂದ್ರ ಉಳಿದ ಸುಳಿವಿಗೂ ದಾರಿ ಸಿಗ್ತದ. ಶಾನುಭೋಗ ಬರದವ ಶೇಂಗಾ ಬರೆಯಂಗಿಲ್ಲ, ಕಡಲೆಕಾಯಿ ಬರೀತಾನ. ಉಳ್ಳಾಗಡ್ಡಿ ಬರೆಯಂಗಿಲ್ಲ, ಈರುಳ್ಳಿ ಇಲ್ಲಾ ನೀರುಳ್ಳಿ. ಖರೆ ಹೇಳಬೇಕಂದ್ರ ನನ್ನ ಕಡೆ ಇರೋ ಕಟಿಂಗಿನಾಗ ಪಟವಾರಿ ಉತ್ತರ ಆಗಿದ್ದು ಒಂದೂ ಇಲ್ಲ. ನಮ್ಮ ಭಾಗದ ಮಂದಿ ಪೇಪರ್ ರೊಕ್ಕ ಕೊಟ್ಟೇ ತಗೊಂಡಾರ, ಆದ್ರ ನಮ್ಮ ಪದ ಚೌಕದಾಗ ಬಂದದ್ದು ಕಮ್ಮಿ.

ನಿಘಂಟು ಯಾವುದು ಅಂತ ಕೇಳ್ತಾರ. ಎಲ್ಲಾ ಮುಗದ ಮ್ಯಾಲ, ಒಂದೋ ಎರಡೋ ಮನಿ ಖಾಲಿ ಉಳದಾಗ ಮಾತ್ರ ನಾನು ನೋಡೋದು. ಕಿಟೆಲ್ ನಿಘಂಟು 1894ರದು ಆದ್ರೂ ಹಳೇ ಪದಕ್ಕ ಇವತ್ತಿಗೂ ಅದೇ ಆಸರಾ, ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟು ಲೈಬ್ರರಿಯಾಗ ನೋಡ್ಬೇಕು. ಮೊಬೈಲ್‌ನಾಗ ಅಲರ್ ಅನ್ನೋ ಆನ್‌ಲೈನ್ ನಿಘಂಟು ಅದ, ಅಂಗಡಿಯಾಗ ಕುಂತಾಗ ಅದೇ ಸಾಕು.

ಇಂಗ್ಲಿಷಿನ ಮೊಟ್ಟಮೊದಲನೇ ಪದಬಂಧನೂ ಒಂದ್ಸಲ ಪ್ರಿಂಟ್ ತಗದು ಕುಂತಿದ್ದೆ. ಆರ್ಥರ್ ವಿನ್ ಅನ್ನೋನು ನ್ಯೂಯಾರ್ಕ್ ವರ್ಲ್ಡ್ ಪೇಪರಿನಾಗ 1913ರ ಡಿಸೆಂಬರ್ 21ಕ್ಕ ಹಾಕಿದ್ದು. ವಜ್ರದಾಕಾರ, ನಡುವ ತೂತು, ಹೆಸರು ಕ್ರಾಸ್-ವರ್ಡ್ ಅಲ್ಲ, ವರ್ಡ್-ಕ್ರಾಸ್. ಆಮ್ಯಾಲ ಅಚ್ಚಿನವರ ಕೈಯಾಗ ಹಿಂದ ಮುಂದ ಆಗಿ ಈಗಿನ ಹೆಸರು ಬಂತು ಅಂತಾರ. ಅಡ್ಡ ಉದ್ದ ಅಂತ ಬ್ಯಾರೆ ಬ್ಯಾರೆ ಇಲ್ಲ, ಇಂಥ ಅಂಕಿಯಿಂದ ಇಂಥ ಅಂಕಿ ತನಕ ಅಂತ ಸುಳಿವು. ಬಾಳಷ್ಟು ಸಸಾರ, 'ಹಕ್ಕಿ' ಅಂದ್ರ ಡವ್, ಇನ್ನೊಂದು ಕಡೆ 'ಪಾರಿವಾಳ' ಅಂದ್ರೂ ಡವ್, ಒಂದೇ ಪದ ಎರಡು ಸಲ! ಇವತ್ತು ಯಾರರೆ ಹಂಗ ಮಾಡಿದ್ರ ಓದುಗರು ಸಂಪಾದಕರ ತಲಿ ತಿಂತಾರ. ಆದ್ರ ನಡುವ 'ಗೊಮುತಿ ತಾಳೆಯ ನಾರು' ಅಂತ ಒಂದು, ಉತ್ತರ ಡೋ (DOH). ಯಾವ ಅಮೆರಿಕದವಗ ಗೊತ್ತಿತ್ತೋ ಏನೋ. ಮೂರಕ್ಷರದ ಜಾಗ ತುಂಬಲಿಕ್ಕೆ ಎಲ್ಲಿಂದಲೋ ಎಳಕೊಂಡು ಬಂದಾನ ಅಂತ ನನ್ನ ಅಂದಾಜು. ನಮ್ಮವ್ರೂ ಮೂಲಿಯಾಗ ಸಿಗಬಿದ್ದಾಗ ಅದೇ ಮಾಡ್ತಾರ, ಬಲದಿಂದ ಎಡಕ್ಕ, ಕೆಳಗಿಂದ ಮ್ಯಾಲಕ್ಕ ಅಂತ ಪದ ಉಲ್ಟಾ ತುಂಬೋದೂ ಇದೇ ಕಷ್ಟಕ್ಕ ಹುಟ್ಟಿದ ಉಪಾಯ ಅನಸ್ತದ. ಆ ಉಲ್ಟಾ ಪದ ನಂಗ ಅಷ್ಟು ಸೇರಂಗಿಲ್ಲ, ಒಂದೆರಡು ಇದ್ರ ಸರಿ, ಹತ್ತು ಇದ್ರ ಮಾಡಿದವ ಬೇಜವಾಬ್ದಾರಿ ಮಾಡ್ಯಾನ ಅಂತ ಅರ್ಥ.

ಈಗ ನಂದೇ ಒಂದು ಮಾಡ್ಲಿಕ್ಕತ್ತೀನಿ, ಏಳಕ್ಕ ಏಳರ ಚೌಕ, ನಮ್ಮ ಭಾಗದ ಪದ ಹಾಕಿ. ಕನ್ನಡದಾಗ ಅ.ನಾ. ಪ್ರಹ್ಲಾದರಾವ್ ಅವರಂಥವ್ರು ಸಾವಿರಗಟ್ಟಲೆ ಪದಬಂಧ ಮಾಡ್ಯಾರ, ಅವ್ರ ಕೈಗೆ ನಮಸ್ಕಾರ ಹೇಳಬೇಕು, ನಂಗ ಒಂದಕ್ಕೇ ಬೆವರು. ಪಟವಾರಿ ಮೊದಲ ಹಾಕೀನಿ, ಅದು ಪಟ್ ಅಂತ ಕೂತದ, ನಡುವಿನ ಟ ದಿಂದ ಕೆಳಗ ಟಪಾಲು ಇಳಿತು. ಉಳ್ಳಾಗಡ್ಡಿ ಮಾತ್ರ ಜೀವಾ ತಿಂತು. ಡ್ಡಿಗೆ ಏನು ಕಮ್ಮಿ ಇಲ್ಲ, ಬಡ್ಡಿ, ಕಡ್ಡಿ, ಅಡ್ಡಿ, ರೆಡ್ಡಿ. ಳ್ಳಾ ಮ್ಯಾಲ ಏನು ಹಾಯಿಸಬೇಕು ಅಂತ ತಲಿ ಕೆರಕೋತ ಕುಂತಿದ್ದೆ, ಬಾಂಡ್ ಪೇಪರ್ ಟೈಪಿಂಗಿಗೆ ಬಂದ ರಿಟೈರ್ಡ್ ಮಾಸ್ತರ್ರು ನೋಡಿ, 'ಯಾಕ ತಮ್ಮಾ, ಬಳ್ಳಾರಿ ಇಲ್ಲೇನು?' ಅಂದ್ರು. ಬಳ್ಳಾರಿ ಕೂತದ. ಈಗ ಅದರ ಸುಳಿವು ಬರೀಬೇಕು, ಗಣಿ, ಬಿಸಲು ಅಂತ ಎಲ್ಲರೂ ಬರೀತಾರ, ನಂಗ ಬ್ಯಾರೆ ಏನರೆ ಬೇಕು. ಮಾಸ್ತರ್ರಿಗೆ ಟೈಪಿಂಗ್ ರೊಕ್ಕ ಬ್ಯಾಡ, ಒಂದು ಸುಳಿವು ಕೊಟ್ಟು ಹೋಗ್ರಿ ಸರ್ ಅಂದೀನಿ, ಸೋಮವಾರ ಬರ್ತೀನಿ ಅಂದಾರ.