ರಾತ್ರಿ ಸುಂಟರಗಾಳಿ ಬಂದ್ರೆ ಎಬ್ಬಿಸೋ ರೇಡಿಯೋ: ಸೆಟ್ ಮಾಡೋದು ಹೇಗೆ

ಅಮೆರಿಕದ ಡಲ್ಲಾಸ್ ಕಡೆ ಇರೋ ನಮ್ಮವರ ಮನೆಗಳಲ್ಲಿ ವೆದರ್ ರೇಡಿಯೋ (ಸರ್ಕಾರದ ಹವಾಮಾನ ಎಚ್ಚರಿಕೆ ಬಂದ ಕೂಡ್ಲೇ ತಾನೇ ಕೂಗೋ ರೇಡಿಯೋ) ಇರುತ್ತೆ, ಆದ್ರೆ ಪ್ಲಗ್ ಕಿತ್ತು ಡ್ರಾಯರ್‌ನಲ್ಲಿ. ಯಾಕ್ರೀ ಅಂದ್ರೆ "ಅಯ್ಯೋ, ರಾತ್ರಿಯೆಲ್ಲಾ ಬಡ್ಕೊಳುತ್ತೆ" ಅಂತಾರೆ. ಫೋನ್ ಇದ್ಯಲ್ಲ ಅಂತಾನೂ ಅಂತಾರೆ, ಅದು ಸೈಲೆಂಟ್‌ನಲ್ಲಿ ಎಲ್ಲೋ ಬಿದ್ದಿರುತ್ತೆ. ಬೀದಿ ಸೈರನ್ ಹೊರಗಡೆ ಇರೋರಿಗೆ, ಏಸಿ ಹಾಕಿ ಮಲಗಿದೋರಿಗಲ್ಲ. 2020ರ ಮಾರ್ಚ್ 3ಕ್ಕೆ ನ್ಯಾಶ್‌ವಿಲ್‌ಗೆ ಸುಂಟರಗಾಳಿ ಬಡಿದಿದ್ದು ಮಧ್ಯರಾತ್ರಿ ದಾಟಿದ ಮೇಲೆ.

ಕೊಳ್ಳುವಾಗ ಡಬ್ಬದ ಮೇಲೆ 'ಎಸ್ಎಎಂಇ' (SAME) ಅಂತ ಇದ್ಯಾ ನೋಡಿ, ಇಲ್ದಿದ್ರೆ ಬೇಡ. ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಥರ; ಅದರ ಕೋಡ್ ಹಾಕಿದ್ರೆ ಆ ಕೌಂಟಿಯ ಎಚ್ಚರಿಕೆಗೆ ಮಾತ್ರ ಕೂಗೋ ಸೌಲಭ್ಯ ಇದು. ಹ್ಯಾಂಡಲ್ ತಿರುಗಿಸೋ ಟಾರ್ಚ್ ರೇಡಿಯೋಗಳಲ್ಲಿ ಹೆಚ್ಚಿನವಕ್ಕೆ ಕೋಡ್ ಹಾಕೋಕೇ ಆಗಲ್ಲ, ಕ್ಯಾಂಪಿಂಗಿಗೆ ಇಟ್ಕೊಳ್ಳಿ. ಪ್ಲಗ್ ಜೊತೆ ಬ್ಯಾಟರಿನೂ ಹಾಕಿ, ಗಾಳಿ ಬಂದಾಗ ಮೊದಲು ಹೋಗೋದೇ ಕರೆಂಟು.

ಚಾನೆಲ್ ಏಳೇ ಇರೋದು, 162.400ರಿಂದ 162.550 ಮೆಗಾಹರ್ಟ್ಸ್ ತನಕ. ಡಲ್ಲಾಸ್ ಸ್ಟೇಷನ್‌ದು 162.400, ಫೋರ್ಟ್‌ವರ್ತ್‌ದು 162.550, ನಿಮಗೆ ಹತ್ತಿರದ್ದು ಆರಿಸಿ.

ಎಲ್ಲರೂ ಎಡವೋದು ಕೌಂಟಿ ಕೋಡ್‌ನಲ್ಲಿ. ಡಬ್ಬದಿಂದ ತೆಗೆದಾಗ ಎಷ್ಟೋ ರೇಡಿಯೋ 'ಎನಿ' ಅಥವಾ 'ಆಲ್' ಮೋಡಲ್ಲಿರುತ್ತೆ, ಅಂದ್ರೆ ಆ ಸ್ಟೇಷನ್ ಯಾವ ಕೌಂಟಿಗೆ ಎಚ್ಚರಿಕೆ ಕೊಟ್ರೂ ನಿಮ್ಮನೇಲಿ ಕೂಗುತ್ತೆ, ಎರಡು ರಾತ್ರಿ ನಿದ್ದೆ ಕೆಟ್ಟ ಮೇಲೆ ಪ್ಲಗ್ ಕೀಳದೆ ಇನ್ನೇನ್ ಮಾಡ್ತಾರೆ ಹೇಳಿ. ಮೆನುವಿನಲ್ಲಿ 'ಸಿಂಗಲ್' ಆರಿಸಿ, ಆರಂಕಿಯ ಕೋಡ್ ಹಾಕಿ: ಕಾಲಿನ್ ಕೌಂಟಿ 048085, ಡೆಂಟನ್ 048121, ಡಲ್ಲಾಸ್ 048113, ಟ್ಯಾರಂಟ್ 048439. ಮೊದಲ ಸೊನ್ನೆ ಬಿಡಬೇಡಿ, ಇಡೀ ಕೌಂಟಿ ಅಂತ ಹೇಳೋದೇ ಅದು. ಜಿಪ್ ಕೋಡ್ ಹಾಕಿ ಕಾಯ್ತಾ ಕೂತವರನ್ನೂ ನೋಡಿದೀನಿ! ಫ್ರಿಸ್ಕೋದವರು ಇನ್ನೊಂದ್ಸಲ ನೋಡ್ಕೊಳ್ಳಿ, ಊರು ಒಂದೇ ಆದ್ರೂ ಅರ್ಧ ಕಾಲಿನ್, ಅರ್ಧ ಡೆಂಟನ್. ಮನೆ ಟ್ಯಾಕ್ಸ್ ಬಿಲ್ಲಲ್ಲಿ ಯಾವ ಕೌಂಟಿ ಅಂತ ಇರುತ್ತೆ. ಪಕ್ಕದ ಕೌಂಟಿನೂ ಸೇರಿಸ್ಲಾ ಅಂತ ಕೇಳ್ತಾರೆ, ನಾನಂತೂ ಬೇಡ ಅಂತೀನಿ.

ಆಮೇಲೆ ಅಲರ್ಟ್ ಬರೀ ಲೈಟ್ ಮಿನುಗೋ ಹಾಗೆ ಇಡ್ಬೇಡಿ, ಸದ್ದಿಗೆ ಇಟ್ಟು ವಾಲ್ಯೂಮ್ ಏರಿಸಿ. ಪ್ರವಾಹದ 'ವಾಚ್' ಥರದ್ದನ್ನ ಆಫ್ ಮಾಡಬಹುದು, ಟೊರ್ನಾಡೋ 'ವಾರ್ನಿಂಗ್' ಮುಟ್ಟಬೇಡಿ. ವಾಚ್ ಅಂದ್ರೆ ಬರಬಹುದು, ವಾರ್ನಿಂಗ್ ಅಂದ್ರೆ ಈಗ್ಲೇ ಏಳಿ.

ಆಂಟೆನಾ ಎಳೆದು ಮಲಗೋ ಕೋಣೆ ಕಿಟಕಿ ಹತ್ರ ಇಡಿ. ಸಾಮಾನ್ಯವಾಗಿ ಬುಧವಾರ ವಾರದ ಟೆಸ್ಟ್ ಬರುತ್ತೆ, ಪರದೆ ಮೇಲೆ ಏನೂ ಕಾಣದಿದ್ರೆ ಜಾಗ ಬದಲಾಯಿಸಿ.

ಊರಿಂದ ಅಪ್ಪ ಅಮ್ಮ ಬಂದಿದ್ರೆ ಟೆಸ್ಟ್ ಬಟನ್ ಒತ್ತಿ ಆ ಸದ್ದು ಒಂದ್ಸಲ ಕೇಳಿಸಿ, ಇಲ್ಲಾಂದ್ರೆ ಗಡಿಯಾರದ ಅಲಾರಂ ಅಂದ್ಕೊಂಡು ಆರಿಸಿ ಮಲಗ್ತಾರೆ. ಇದು ಕೂಗಿದ್ರೆ ಚಪ್ಪಲಿ ಹಾಕ್ಕೊಂಡು ಸೀದಾ ಕೆಳಗಿನ ಕಿಟಕಿ ಇಲ್ಲದ ಬಾತ್‌ರೂಮಿಗೆ ಅಂತ ಹೇಳಿಡಿ.