ಕತ್ತಲಲ್ಲಿ ಕೈ ಅಡ್ಡ ಹಿಡಿದವರು ಪೊಲೀಸರೋ ಅಲ್ಲವೋ: ನನ್ನ ಅನುಭವ

ಶಿರಾದಿಂದ ಚಿತ್ರದುರ್ಗಕ್ಕೆ ರಾತ್ರಿ ವಾಪಸಾಗುವಾಗ, ತಾವರೆಕೆರೆ ದಾಟಿದ ಮೇಲೆ ಜವನಗೊಂಡನಹಳ್ಳಿ ಸಿಗುವವರೆಗೆ, ರಾಷ್ಟ್ರೀಯ ಹೆದ್ದಾರಿ 48ರ ಕೆಲವು ಕಡೆ ಲಾರಿಗಳ ಬೆಳಕು ಬಿಟ್ಟರೆ ಬೇರೆ ಬೆಳಕಿರುವುದಿಲ್ಲ. ಅಂಥದೊಂದು ಜಾಗದಲ್ಲಿ ಹತ್ತೂವರೆಯ ಸುಮಾರಿಗೆ, ರಸ್ತೆಯ ಎಡಬದಿಯಲ್ಲಿ ಬೈಕ್ ನಿಲ್ಲಿಸಿಕೊಂಡಿದ್ದ ಇಬ್ಬರು ನನ್ನ ಕಾರಿನ ಕಡೆಗೆ ಟಾರ್ಚ್ ಬೀಸಿದರು. ಒಬ್ಬನು ಖಾಕಿ ಪ್ಯಾಂಟಿನ ಮೇಲೆ ಕಪ್ಪು ಜರ್ಕಿನ್ ತೊಟ್ಟಿದ್ದನು. ಇನ್ನೊಬ್ಬನ ಮೈಮೇಲೆ ರಸ್ತೆ ಕೆಲಸದವರು ಹಾಕಿಕೊಳ್ಳುವಂಥ ಹೊಳೆಯುವ ಪಟ್ಟಿಯ ಜಾಕೆಟ್ ಇತ್ತು. ಬ್ಯಾರಿಕೇಡ್ ಇರಲಿಲ್ಲ, ಜೀಪ್ ಇರಲಿಲ್ಲ, ಬೈಕಿನ ನಂಬರ್ ಪ್ಲೇಟ್ ನನಗೆ ಕಾಣದ ಕಡೆಗೆ ತಿರುಗಿತ್ತು.

ನಾನು ಔಷಧಿಗಳ ಸಗಟು ವ್ಯಾಪಾರಿ. ಸುತ್ತಲಿನ ತಾಲ್ಲೂಕುಗಳ ಮೆಡಿಕಲ್ ಶಾಪ್‌ಗಳಿಗೆ ಮಾಲು ಕೊಟ್ಟು, ವಾರಕ್ಕೆರಡು ದಿನ ವಸೂಲಿಗೆ ಸ್ವತಃ ಹೋಗುತ್ತೇನೆ. ಫೋನಿನಲ್ಲೇ ಹಣ ಕಳುಹಿಸುವ ಕಾಲ ಬಂದಿದ್ದರೂ ಹಳ್ಳಿಯ ಅಂಗಡಿಗಳವರು ಕಟ್ಟು ಕಟ್ಟಿದ ನೋಟನ್ನೇ ಕೊಡುವುದು ಇನ್ನೂ ಹೋಗಿಲ್ಲ. ಹಾಗಾಗಿ ಆ ರಾತ್ರಿ ಸೀಟಿನ ಕೆಳಗೆ ಎಷ್ಟು ಹಣವಿತ್ತೆಂಬುದು ನನಗೆ ಗೊತ್ತಿತ್ತು, ಮತ್ತು ಅದು ಇನ್ನಾರಿಗಾದರೂ ಗೊತ್ತಿರಬಹುದೆಂಬ ಅನುಮಾನವೂ ಆ ಕ್ಷಣದಲ್ಲೇ ಹುಟ್ಟಿತು.

ಅನುಮಾನಕ್ಕೆ ಹಳೆಯ ಕಾರಣವೂ ಒಂದಿತ್ತು. 2016ರಲ್ಲಿ ನಮ್ಮ ತಾಯಿ ದೇವಸ್ಥಾನದಿಂದ ಬರುವಾಗ ಸಾದಾ ಉಡುಪಿನ ಇಬ್ಬರು ಅಡ್ಡ ಬಂದು, ತಾವು ಪೊಲೀಸರೆಂದೂ ಮುಂದಿನ ಬೀದಿಯಲ್ಲಿ ಸರಗಳ್ಳತನ ಆಗಿದೆಯೆಂದೂ ಹೇಳಿ, "ಒಡವೆ ಬಿಚ್ಚಿ ಕಾಗದದಲ್ಲಿ ಕಟ್ಕೊಂಡು ಹೋಗಿ ಅಮ್ಮಾ" ಎಂದು ಕಾಳಜಿ ತೋರಿಸಿದ್ದರು. ಕಟ್ಟಿಕೊಟ್ಟ ಪೊಟ್ಟಣವನ್ನು ಮನೆಗೆ ಬಂದು ಬಿಚ್ಚಿದರೆ ಒಳಗಿದ್ದದ್ದು ಜಲ್ಲಿಕಲ್ಲು. ಅಮ್ಮ ಅವರ ಮುಖ, ಮಾತು, ಕ್ರಾಪು, ಕಾಲಿನ ಕಂದು ಬಣ್ಣದ ಶೂ ಎಲ್ಲವನ್ನೂ ನೋಡಿ ನಂಬಿದ್ದರು. ನೋಡಿ ತೀರ್ಮಾನಿಸುವುದರಿಂದ ಮೋಸ ಹೋಗುತ್ತೇವೆಂದು ನನಗೆ ಅಂದೇ ಅರ್ಥವಾಗಬೇಕಿತ್ತು. ಆದರೆ ಆಗ ನಾನು ಅಮ್ಮನನ್ನೇ ಬೈದೆ.

ಆ ರಾತ್ರಿ ಮೊದಲ ಕೆಲವು ಕ್ಷಣ ನಾನೂ ಅದೇ ತಪ್ಪನ್ನು ಮಾಡಿದೆ. ಕಾರು ನಿಧಾನ ಮಾಡಿ, ಇವರು ನಿಜವೋ ನಕಲಿಯೋ ಎಂದು ದಿಟ್ಟಿಸಿ ನೋಡುತ್ತ, ಗಾಜನ್ನು ಪೂರ್ತಿ ಇಳಿಸಿಬಿಟ್ಟೆ. ಜರ್ಕಿನ್ ಹಾಕಿದವನು "ಇಳೀರಿ ಕೆಳಗೆ, ಡಿಕ್ಕಿ ತೆಗೀರಿ" ಎಂದಾಗ ಎಚ್ಚರವಾಯಿತು. ಲೈಸೆನ್ಸ್ ಕೇಳದೆ ಡಿಕ್ಕಿ ಕೇಳಿದ್ದು ಸರಿಯೆನಿಸಲಿಲ್ಲ. ಗಾಜನ್ನು ನಾಲ್ಕು ಬೆರಳಿನಷ್ಟು ಬಿಟ್ಟು ಏರಿಸಿ, ಬಾಗಿಲುಗಳನ್ನು ಲಾಕ್ ಮಾಡಿ, ಒಳಗಿನ ದೀಪ ಹಾಕಿ, ಎರಡು ಕೈಗಳೂ ಸ್ಟಿಯರಿಂಗ್ ಮೇಲೆ ಅವರಿಗೆ ಕಾಣುವಂತೆ ಇಟ್ಟುಕೊಂಡು, "ಸಾರ್, ಇಲ್ಲಿ ಕತ್ತಲಿದೆ, ನನಗೆ ಭಯ ಆಗ್ತಿದೆ. ಮುಂದೆ ಪೆಟ್ರೋಲ್ ಬಂಕ್ ಹತ್ರ ನಿಲ್ಲಿಸ್ತೀನಿ, ನೀವು ಹಿಂದೇನೇ ಬನ್ನಿ" ಎಂದೆ. ಉತ್ತರಕ್ಕೆ ಕಾಯಲಿಲ್ಲ. ನಾಲ್ಕು ಇಂಡಿಕೇಟರ್‌ಗಳನ್ನೂ ಹಾಕಿ, ಗಂಟೆಗೆ ಮೂವತ್ತು ಕಿಲೋಮೀಟರ್ ದಾಟದಂತೆ, ಎಡಬದಿಯಲ್ಲೇ ಹೊರಟೆ.

ಈ ನಿಧಾನ ನನ್ನ ವಿಧಾನದ ಮುಖ್ಯ ಭಾಗ. ಅವರು ನಿಜವಾದ ಪೊಲೀಸರೇ ಆಗಿದ್ದು ನಾನು ವೇಗವಾಗಿ ಓಡಿದ್ದರೆ ಅದು ತಪ್ಪಿಸಿಕೊಂಡಂತೆಯೇ ಆಗುತ್ತಿತ್ತು, ಮುಂದಿನ ಗಸ್ತು ವಾಹನಕ್ಕೆ ನನ್ನ ನಂಬರ್ ಹೋಗುತ್ತಿತ್ತು. ನಾನು ಅಂದಿನಿಂದ ಪಾಲಿಸುತ್ತಿರುವ ಲೆಕ್ಕ ಇಷ್ಟೇ: ಎದುರಿಗಿರುವವನು ಅಸಲಿಯೋ ನಕಲಿಯೋ ಎಂದು ಪತ್ತೆ ಹಚ್ಚುವುದು ನನ್ನ ಕೆಲಸವಲ್ಲ, ಅಸಲಿಯಾದರೆ ಬೇಸರವಾಗದ, ನಕಲಿಯಾದರೆ ತಡೆದುಕೊಳ್ಳಲಾಗದ ಕೆಲಸವನ್ನಷ್ಟೇ ನಾನು ಮಾಡಬೇಕು. ಬೆಳಕು, ಜನ, ಕ್ಯಾಮೆರಾ, ಕಂಟ್ರೋಲ್ ರೂಮಿಗೆ ಒಂದು ಕರೆ ಇವುಗಳಿಂದ ನಿಜವಾದ ಪೊಲೀಸರಿಗೆ ನಷ್ಟವಿಲ್ಲ.

ಓಡಿಸುತ್ತಲೇ ಸ್ಪೀಕರ್‌ನಲ್ಲಿ ತುರ್ತು ಸಹಾಯದ ನಂಬರ್ 112ಕ್ಕೆ ಕರೆ ಮಾಡಿದೆ. ಕರೆ ತೆಗೆದುಕೊಂಡವರಿಗೆ ನಾನು ಮೊದಲು ಹೇಳಿದ್ದು ಊರಿನ ಹೆಸರು. ಅವರು ಕೇಳಿದ್ದು ಯಾವ ದಿಕ್ಕಿಗೆ ಹೋಗುತ್ತಿದ್ದೀರಿ ಎಂದು. ನಡುವೆ ಡಿವೈಡರ್ ಇರುವ ಹೆದ್ದಾರಿಯಲ್ಲಿ ಜಾಗ ಗೊತ್ತಿದ್ದರೂ ದಿಕ್ಕು ಗೊತ್ತಿಲ್ಲದಿದ್ದರೆ ಗಸ್ತು ವಾಹನ ಎದುರು ಬದಿಯಲ್ಲಿ ಹೋಗಿಬಿಡುತ್ತದೆ. ಈಗ ನಾನು ಅದೇ ಕ್ರಮದಲ್ಲಿ ಹೇಳುತ್ತೇನೆ: ಯಾವ ರಸ್ತೆ, ಎಲ್ಲಿಂದ ಎಲ್ಲಿಗೆ, ಹಿಂದೆ ದಾಟಿದ ಊರು, ಕಾರಿನ ಬಣ್ಣ ಮತ್ತು ನಂಬರ್, ನಿಲ್ಲಿಸಲು ಹೇಳಿದವರು ಎಷ್ಟು ಜನ, ನಾನು ಎಲ್ಲಿ ನಿಲ್ಲಿಸಲಿದ್ದೇನೆ. "ನಾನು ನಿಲ್ಲಿಸುವುದಿಲ್ಲ" ಎಂದು ಹೇಳುವುದಿಲ್ಲ, "ಇಂಥ ಕಡೆ ನಿಲ್ಲಿಸುತ್ತೇನೆ" ಎಂದು ಹೇಳುತ್ತೇನೆ. ಆ ಮಾತು ಅವರಲ್ಲಿ ದಾಖಲಾಗುತ್ತದೆ.

ಬೈಕ್ ಸುಮಾರು ಅರ್ಧ ಕಿಲೋಮೀಟರ್ ಹಿಂದೆ ಬಂತು. ಬಂಕಿನ ದೀಪಗಳು ಕಂಡ ಮೇಲೆ ಅದರ ಬೆಳಕು ಕನ್ನಡಿಯಲ್ಲಿ ಕಾಣಲಿಲ್ಲ. ಬಂಕಿನ ಹುಡುಗರ ಜೊತೆ ನಿಂತಿದ್ದಾಗ ಬಂದ ಗಸ್ತು ವಾಹನದ ಸಿಬ್ಬಂದಿ, ಆ ಹೊತ್ತಿಗೆ ಆ ಜಾಗದಲ್ಲಿ ತಪಾಸಣೆಗೆ ಯಾರನ್ನೂ ಹಾಕಿಲ್ಲವೆಂದರು. ಮರುದಿನ ಲಿಖಿತವಾಗಿ ದೂರು ಕೊಟ್ಟೆ. ಇಬ್ಬರೂ ಸಿಗಲಿಲ್ಲ. ಸಿಕ್ಕಿದ್ದರೆ, ಸರ್ಕಾರಿ ನೌಕರನ ಸೋಗು ಹಾಕಿದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 204ನೇ ಕಲಮಿನಲ್ಲಿ ಆರು ತಿಂಗಳಿಗೆ ಕಡಿಮೆಯಿಲ್ಲದ, ಮೂರು ವರ್ಷದವರೆಗಿನ ಶಿಕ್ಷೆಗೆ ಅವಕಾಶವಿದೆ.

ನಿಜವಾದ ಪರೀಕ್ಷೆ ನಡೆದದ್ದು ಕೆಲವು ತಿಂಗಳ ನಂತರ. ಹಿರಿಯೂರಿನ ಹೊರವಲಯದಲ್ಲಿ ಜೀಪೊಂದು ನನ್ನನ್ನು ನಿಲ್ಲಿಸಿತು. ನಂಬರಿನಲ್ಲಿ ನಮ್ಮ ರಾಜ್ಯದ ಸರ್ಕಾರಿ ವಾಹನಗಳಿಗಿರುವ ಜಿ ಅಕ್ಷರವಿತ್ತು, ಇಳಿದು ಬಂದವರು ಪೂರ್ತಿ ಸಮವಸ್ತ್ರದಲ್ಲಿದ್ದರು, ಹೆಗಲ ಮೇಲೆ ಎರಡು ನಕ್ಷತ್ರ ಮತ್ತು ಕೆಂಪು-ನೀಲಿ ಪಟ್ಟಿ, ಎಂದರೆ ಸಬ್ ಇನ್‌ಸ್ಪೆಕ್ಟರ್. ಮೋಟಾರು ವಾಹನ ಕಾಯ್ದೆಯ 130ನೇ ಕಲಮಿನ ಪ್ರಕಾರ ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಕೇಳಿದರೆ ಚಾಲಕನು ಲೈಸೆನ್ಸ್ ತೋರಿಸಲೇಬೇಕು. ಇಷ್ಟೆಲ್ಲ ಕಂಡರೂ, ಹಿಂದಿನ ಭಯ ಬಿಡದೆ, ಗಾಜನ್ನು ನಾಲ್ಕು ಬೆರಳಷ್ಟೇ ಇಳಿಸಿ, "ಸಾರ್, ದಯವಿಟ್ಟು ನಿಮ್ಮ ಐಡಿ ಕಾರ್ಡ್ ತೋರಿಸ್ತೀರಾ?" ಎಂದು ಕೇಳಿದೆ.

ಅವರು ಸಿಡುಕಿದರು. "ಏನ್ರೀ, ನಾವು ಕಳ್ಳರ ಥರ ಕಾಣ್ತೀವಾ?" ಎಂದರು. ಈ ಘಟ್ಟದಲ್ಲಿ ಕಾನೂನಿನ ಕಲಮುಗಳನ್ನು ಒಪ್ಪಿಸಲು ಹೊರಟವರ ಗತಿ ಏನಾಗುತ್ತದೆಂದು ನಾನು ಕಂಡಿದ್ದೇನೆ. ಮಾತು ಬೆಳೆದು ಅರ್ಧ ಗಂಟೆಯ ಕೆಲಸ ಮೂರು ಗಂಟೆಯಾಗುತ್ತದೆ. ನಾನು ಜವನಗೊಂಡನಹಳ್ಳಿಯ ರಾತ್ರಿಯ ಸಂಗತಿಯನ್ನು ಎರಡು ವಾಕ್ಯದಲ್ಲಿ ಹೇಳಿ, ದೂರಿನ ದಿನಾಂಕವನ್ನೂ ತಿಳಿಸಿದೆ. ಅವರ ದನಿ ಇಳಿಯಿತು. ಎದೆಯ ಮೇಲಿನ ಹೆಸರಿನ ಪಟ್ಟಿಯ ಮೇಲೆ ತಾವೇ ಟಾರ್ಚ್ ಬಿಟ್ಟು ತೋರಿಸಿ, ಕಾರ್ಡನ್ನು ಗಾಜಿಗೆ ಹಿಡಿದರು. ನಾನು ಗಾಜನ್ನು ಪೂರ್ತಿ ಇಳಿಸಿ ಫೋನಿನಲ್ಲಿದ್ದ ದಾಖಲೆಗಳನ್ನು ತೋರಿಸಿದೆ. ಪಕ್ಕದಲ್ಲಿದ್ದ ನಮ್ಮ ಹುಡುಗ ಸೀಟ್ ಬೆಲ್ಟ್ ಹಾಕಿರಲಿಲ್ಲವಾದ್ದರಿಂದ 500 ರೂಪಾಯಿ ದಂಡವನ್ನು ಯಂತ್ರದಲ್ಲಿ ನಮೂದಿಸಿ ಚೀಟಿ ಕೊಟ್ಟರು. ಚೀಟಿ ಬಂದ ಮೇಲೆಯೇ ನಾನು ಹಣ ಕೊಡುವುದು. ಚೀಟಿಯಿಲ್ಲದೆ ಯಾರಾದರೂ ಕೇಳಿದರೆ "ಕೇಸ್ ಹಾಕಿ ಸಾರ್, ಆನ್‌ಲೈನ್‌ನಲ್ಲಿ ಕಟ್ತೀನಿ" ಎನ್ನುತ್ತೇನೆ. ನಕಲಿಯಾದವನು ಕೇಸ್ ಹಾಕಲಾರ.

ದಾಖಲೆಗಳ ಬಗ್ಗೆ ಒಂದು ಮಾತು. ಮೂಲ ಲೈಸೆನ್ಸ್ ಮತ್ತು ಆರ್‌ಸಿಯನ್ನು ನಾನು ಈಗ ಕಾರಿನಲ್ಲಿ ಇಟ್ಟುಕೊಳ್ಳುವುದಿಲ್ಲ. ಸರ್ಕಾರದ ಆ್ಯಪ್‌ಗಳಾದ ಡಿಜಿಲಾಕರ್ ಅಥವಾ ಎಂಪರಿವಾಹನ್‌ನಲ್ಲಿರುವ ದಾಖಲೆಗಳನ್ನು ಮೂಲದಂತೆಯೇ ಒಪ್ಪಬೇಕೆಂದು ಕೇಂದ್ರ ಸಾರಿಗೆ ಸಚಿವಾಲಯ 2018ರಲ್ಲಿಯೇ ತಿಳಿಸಿದೆ. ಇದರ ದೊಡ್ಡ ಲಾಭವೆಂದರೆ ಮೂಲ ಕಾಗದ ಬೇರೆಯವರ ಕೈಗೆ ಹೋಗಿ, ಅದನ್ನು ಬಿಡಿಸಿಕೊಳ್ಳಲು ನಾವು ಕಾರಿನಿಂದ ಇಳಿದು ಅವರ ಹಿಂದೆ ನಡೆಯುವ ಸ್ಥಿತಿ ಬರುವುದಿಲ್ಲ. ಫೋನನ್ನು ಮಾತ್ರ ಕೈಬಿಡಬಾರದು; ಪರದೆಯನ್ನು ಗಾಜಿನ ಒಳಗಿನಿಂದಲೇ ತೋರಿಸುತ್ತೇನೆ.

ಸಮವಸ್ತ್ರವನ್ನೇ ನಂಬಿ ಕೂರಲು ನನ್ನ ವ್ಯಾಪಾರದಲ್ಲಿ ಆಗುವುದಿಲ್ಲ. ಖಾಕಿ ತೊಟ್ಟವರೆಲ್ಲ ಪೊಲೀಸರಲ್ಲ. ನಾವು ಬ್ರೇಕ್ ಇನ್‌ಸ್ಪೆಕ್ಟರ್ ಎಂದು ಕರೆಯುವ ಆರ್‌ಟಿಒ ಅಧಿಕಾರಿಗಳೂ ಖಾಕಿಯಲ್ಲೇ ಬರುತ್ತಾರೆ. ಇನ್ನು ಸರಕು ಮತ್ತು ಸೇವಾ ತೆರಿಗೆಯವರು (ಜಿಎಸ್‌ಟಿ) ಸಾದಾ ಉಡುಪಿನಲ್ಲಿ, ಸಾಮಾನ್ಯ ಕಾರಿನಲ್ಲಿ ಬಂದು ಮಾಲು ತುಂಬಿದ ವ್ಯಾನನ್ನು ನಿಲ್ಲಿಸುತ್ತಾರೆ, ಮತ್ತು ಅವರು ನಿಜವಾದ ಅಧಿಕಾರಿಗಳೇ ಆಗಿರುತ್ತಾರೆ. 50,000 ರೂಪಾಯಿ ಮೀರಿದ ಸರಕನ್ನು ಸಾಗಿಸಲು ಆನ್‌ಲೈನ್‌ನಲ್ಲಿ ಪಡೆಯುವ ಇ-ವೇ ಬಿಲ್ ಬೇಕಾದ್ದರಿಂದ ಅವರು ಕೇಳುವುದು ಸಹಜ. ಇಲ್ಲಿ ನನಗೆ ನೆರವಾಗುವುದು ಅವರ ಕಾಗದದ ಕೆಲಸವೇ. ಸಾಗಣೆಯಲ್ಲಿರುವ ಮಾಲನ್ನು ತಪಾಸಿಸಿದ ಅಧಿಕಾರಿ 24 ಗಂಟೆಯೊಳಗೆ ಅದರ ಸಾರಾಂಶ ವರದಿಯನ್ನು ಇ-ವೇ ಬಿಲ್ ಜಾಲತಾಣದಲ್ಲಿ ಹಾಕಬೇಕು. ಮಾಲು ಇಳಿಸಿ ಎಣಿಸಬೇಕಾದರೆ ಅದಕ್ಕೆ ಲಿಖಿತ ಆದೇಶ ಕೊಡಬೇಕು. ಹಾಗಾಗಿ ನಮ್ಮ ವ್ಯಾನಿನ ಚಾಲಕರಿಗೆ ಹೇಳಿಕೊಟ್ಟಿರುವುದು: ಬಿಲ್ ತೋರಿಸು, ಅಧಿಕಾರಿಯ ಹೆಸರು ಮತ್ತು ಕಚೇರಿ ಕೇಳಿ ನನಗೆ ಫೋನ್ ಮಾಡು, ಆದೇಶ ಕೈಗೆ ಬಾರದೆ ಒಂದು ಡಬ್ಬವನ್ನೂ ಇಳಿಸಬೇಡ. ಕಚೇರಿಯ ನಂಬರನ್ನು ಎದುರಿಗಿರುವವರಿಂದ ಪಡೆಯುವುದಿಲ್ಲ. ನಾನು ಮೊದಲೇ ಬರೆದಿಟ್ಟುಕೊಂಡಿರುವ ನಂಬರಿಗೇ ಮಾಡುತ್ತೇನೆ. ನಕಲಿ ಅಧಿಕಾರಿ ಕೊಡುವ ನಂಬರಿನಲ್ಲಿ ಫೋನ್ ಎತ್ತುವವನೂ ಅವನ ಜೊತೆಗಾರನೇ ಇರುತ್ತಾನಲ್ಲ!

ಚುನಾವಣೆಯ ಕಾಲ ಇನ್ನೂ ತಲೆನೋವಿನದು. 2023ರ ವಿಧಾನಸಭೆ ಚುನಾವಣೆಯ ಹೊತ್ತಿನಲ್ಲಿ, 50,000ಕ್ಕಿಂತ ಹೆಚ್ಚು ನಗದು ಇದ್ದರೆ ಲೆಕ್ಕ ತೋರಿಸಬೇಕಾಗಿತ್ತು. ವಾಹನಗಳನ್ನು ತಪಾಸಿಸುವ ಚುನಾವಣಾ ತಂಡಗಳಲ್ಲಿ ವಿಡಿಯೋ ತೆಗೆಯುವವರು ಇರುತ್ತಾರೆ, ಹಣ ವಶಪಡಿಸಿಕೊಂಡರೆ ರಸೀದಿ ಕೊಡುತ್ತಾರೆ. ಕ್ಯಾಮೆರಾ ಇಲ್ಲದ "ಚುನಾವಣಾ ಡ್ಯೂಟಿ"ಯವರು ಸಿಕ್ಕರೆ ನಾನು ಮತ್ತೆ ಬೆಳಕಿರುವ ಜಾಗವನ್ನೇ ಹುಡುಕುತ್ತೇನೆ. ಆ ಎರಡು ತಿಂಗಳು ವಸೂಲಿಯನ್ನು ಹಗಲಿಗೆ ಬದಲಾಯಿಸಿ, ಪ್ರತಿ ಅಂಗಡಿಯಿಂದ ಸಹಿ ಮಾಡಿದ ಚೀಟಿ ಪಡೆದು, ಆಯಾ ಊರಿನ ಬ್ಯಾಂಕಿನಲ್ಲೇ ಹಣ ಕಟ್ಟಿ ಬಂದೆ. ಈಗಲೂ ಆದಷ್ಟು ಹಾಗೆಯೇ ಮಾಡುತ್ತೇನೆ. ಕಾರಿನಲ್ಲಿ ಹಣವಿಲ್ಲದಿದ್ದರೆ ಭಯವೂ ಅರ್ಧ ಕಡಿಮೆ.

ಇದನ್ನೆಲ್ಲ ಎಲ್ಲೆಡೆಯೂ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಬ್ಯಾರಿಕೇಡ್ ಹಾಕಿ, ನಾಲ್ಕೈದು ವಾಹನಗಳನ್ನು ಸಾಲಾಗಿ ನಿಲ್ಲಿಸಿ, ಕುಡಿದು ಓಡಿಸುವವರನ್ನು ಪರೀಕ್ಷಿಸುತ್ತಿರುವ ಕಡೆ ಮುಂದೆ ಹೋಗಿ ನಿಲ್ಲಿಸುತ್ತೇನೆಂದು ಹೊರಡುವುದು ಮೂರ್ಖತನ. ಅಲ್ಲಿ ತಕ್ಷಣ ನಿಲ್ಲಿಸಬೇಕು. ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದಿದ್ದರೆ ಬರೀ ದಾಖಲೆ ನೋಡಲು ವಾಹನ ತಡೆಯಬಾರದೆಂದು 2022ರ ಜೂನ್‌ನಲ್ಲಿ ಅಂದಿನ ಪೊಲೀಸ್ ಮಹಾನಿರ್ದೇಶಕ ಪ್ರವೀಣ್ ಸೂದ್ ಅವರು ಹೇಳಿದ್ದಾಗಲೂ, ಕುಡಿದು ಓಡಿಸುವುದರ ತಪಾಸಣೆಗೆ ವಿನಾಯಿತಿ ಇತ್ತು. ಆ ಮಾತನ್ನು ರಸ್ತೆಯಲ್ಲಿ ನಿಂತು ಅಧಿಕಾರಿಗೆ ನೆನಪಿಸಲು ಹೋಗುವುದನ್ನು ಮಾತ್ರ ನಾನು ಯಾರಿಗೂ ಸಲಹೆ ಮಾಡಲಾರೆ.

ಇಷ್ಟನ್ನೂ ಒಮ್ಮೆ ಊಟದ ಹೊತ್ತಿನಲ್ಲಿ, ದಾವಣಗೆರೆಯಲ್ಲಿ ಓದುತ್ತ ಆಗಾಗ ಬೈಕಿನಲ್ಲಿ ಮನೆಗೆ ಬರುವ ಮಗನಿಗೆ ವಿವರಿಸಿದೆ. ಡಾಬಾ ಅಥವಾ ಬಂಕ್ ಸಿಗುವವರೆಗೆ ನಿಲ್ಲಿಸಬೇಡ, ಕರೆ ಮಾಡು, ಕಾಗದ ಕೊಡಬೇಡ ಎಂದೆಲ್ಲ ಹೇಳಿದ್ದನ್ನು ಕೇಳಿಸಿಕೊಂಡು ಅವನು, "ಅಪ್ಪಾ, ನಿಮಗೆ ಏರಿಸೋಕೆ ಕಾರಿನ ಗಾಜಿದೆ, ನನಗಿರೋದು ಹೆಲ್ಮೆಟ್ ಗಾಜು ಮಾತ್ರ. ಬೈಕಿನಲ್ಲಿ ಹೋಗ್ತಾ ಫೋನ್ ಹೇಗೆ ಮಾಡ್ಲಿ?" ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಕತ್ತಲಾದ ಮೇಲೆ ಊರಿಗೆ ಬರುವುದಾದರೆ ಬೈಕನ್ನು ಅಲ್ಲೇ ಬಿಟ್ಟು ಬಸ್ಸಿನಲ್ಲಿ ಬಾ ಎಂದು ಹೇಳಿದ್ದೇನೆ.